ನಲವತ್ನಾಲ್ಕು ಡಿಗ್ರಿಯ ಹೆಂಗಸರು

ಅನೀಲಕುಮಾರನನ್ನು ಯಾರಾದರೂ ಹೆಸರಿನ ಮುಂದೆ ಡಾಕ್ಟರ್ ಎಂದು ಸೇರಿಸದೆ ಕರೆದರೆ ಅವನ ಕಿವಿ ಕೆಂಪಗಾಗುತ್ತಿತ್ತು. ಹಾಗೆಂದು ಅವನು ನಾಡಿ ಹಿಡಿಯುವವನೂ ಅಲ್ಲ, ಚೀಟಿ ಬರೆಯುವವನೂ ಅಲ್ಲ. ವೈದ್ಯಕೀಯ ಭೌತವಿಜ್ಞಾನಿ. ಕ್ಯಾನ್ಸರ್ ಗಡ್ಡೆಯ ಮೇಲೆ ಯಂತ್ರ ಎಷ್ಟು ಕಿರಣ ಬಿಡಬೇಕು, ಯಾವ ಮಗ್ಗುಲಿಂದ ಬಿಡಬೇಕು, ಎಲ್ಲಿ ಬೀಳದಂತೆ ನೋಡಿಕೊಳ್ಳಬೇಕು ಎಂದು ಲೆಕ್ಕ ಹಾಕಿ ಕೊಡುವುದು ಅವನ ಕೆಲಸ. ಆ ಕೆಲಸ ಅವನಿಗೆ ಚೆನ್ನಾಗಿಯೇ ಬರುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಅದು ಎಷ್ಟು ಚೆನ್ನಾಗಿ ಬರುತ್ತದೆ ಎಂದು ತಿಳಿಯುವಷ್ಟು ಬುದ್ಧಿ ಸುತ್ತಮುತ್ತಲಿನ ಒಬ್ಬರಿಗೂ ಇಲ್ಲ ಎಂಬ ಕೊರಗು ಅವನನ್ನು ತಿನ್ನುತ್ತಿತ್ತು.

ಅವನು ಹುಟ್ಟಿದ್ದು ಅಫಜಲಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ. ಮುಂಬೈಯಲ್ಲಿ ಎಂಟು ವರ್ಷ ಓದಿದ ಮೇಲೆ ಯಾರಾದರೂ ಊರು ಕೇಳಿದರೆ ಹೈದರಾಬಾದ್ ಕಡೆ ಎನ್ನುವುದನ್ನು ರೂಢಿ ಮಾಡಿಕೊಂಡ. ಹೀಗೆ ಊರನ್ನೇ ನುಂಗಿಕೊಂಡವನು ಮರಳಿ ಈ ಕಡೆ ಬಂದದ್ದು ಪ್ರೀತಿಯಿಂದಲ್ಲ. ಜೇವರ್ಗಿಯ ಹೊರಗೆ ಒಂದು ಟ್ರಸ್ಟಿನವರು ಕ್ಯಾನ್ಸರ್ ಆಸ್ಪತ್ರೆ ಕಟ್ಟಿ, ಅವನು ಕೇಳಿದ ಯಂತ್ರ ತರಿಸಿಕೊಟ್ಟು, ನಿನ್ನ ಸಂಶೋಧನೆ ನೀನು ಮಾಡಿಕೋ ಎಂದಿದ್ದರು. ಮುಂಬೈಯಲ್ಲಿ ಅವನಂಥವರು ಸಾಲಿನಲ್ಲಿ ನಿಂತಿದ್ದರು. ಇಲ್ಲಿ ಸಾಲೇ ಇರಲಿಲ್ಲ.

ಸಂಶೋಧನೆಯೇನೋ ನಿಜವಾದದ್ದೇ. ಗಡ್ಡೆಯನ್ನು ಒಂದು ತಾಸು ನಲವತ್ತೆರಡು ಡಿಗ್ರಿಗೆ ಕಾಯಿಸಿ ಬೆನ್ನಿಗೇ ಕಿರಣ ಬಿಟ್ಟರೆ, ಕಿರಣದ ಪೆಟ್ಟು ತಿಂದ ಕೆಟ್ಟ ಜೀವಕೋಶಗಳಿಗೆ ಸುಧಾರಿಸಿಕೊಳ್ಳಲು ಆಗುವುದಿಲ್ಲ. ಕಡಿಮೆ ಕಿರಣದಲ್ಲಿ ಹೆಚ್ಚು ಕೆಲಸ ಆಗುತ್ತದೆ. ಒಮ್ಮೆ ಮೊಲೆ ತೆಗೆಸಿಕೊಂಡು, ಕಿರಣವನ್ನೂ ಪೂರ್ತಿ ತೆಗೆದುಕೊಂಡು, ಆಮೇಲೆ ಅದೇ ಎದೆಯ ಚರ್ಮದ ಮೇಲೆ ಮತ್ತೆ ಗಂಟುಗಳೆದ್ದ ಹೆಂಗಸರಿಗೆ ಎರಡನೇ ಸಲ ಪೂರ್ತಿ ಕಿರಣ ಕೊಡುವ ಹಾಗಿಲ್ಲ. ಅಂಥವರಿಗೆ ಈ ಶಾಖ ಕೊನೆಯ ಬಾಗಿಲು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಂದ ಅಂಥವರನ್ನು ಹುಡುಕಿ, ಸೋಮವಾರ ಮತ್ತು ಗುರುವಾರ ಆಸ್ಪತ್ರೆಯ ಗಾಡಿಯಲ್ಲಿ ಕರೆತರುತ್ತಿದ್ದರು. ಊರ ಹೆಂಗಸರು ಶಾಖಕ್ಕೆ ಶೇಕ ಎಂದೂ ಕಿರಣಕ್ಕೆ ಕರೆಂಟ್ ಎಂದೂ ಹೆಸರಿಟ್ಟುಕೊಂಡಿದ್ದರು. ಶೇಕ ತಗೊಂಡು ಕರೆಂಟ್ ತಗೊಂಡು ಸಂಜೆ ಮನೆ ಸೇರುವುದು ಅವರ ದಿನಚರಿ.

ವಿಜ್ಞಾನವನ್ನು ಬೈಯುವುದಕ್ಕೆ ಇದರಲ್ಲಿ ಏನೂ ಇಲ್ಲ. ಬೈಯಬೇಕಾದ್ದು ಮನುಷ್ಯನನ್ನು.

ಶಾಖ ಕೊಡುವ ಕ್ರಮ ಹೀಗೆ. ಎದೆಯ ಮೇಲೆ ಬೆಚ್ಚನೆಯ ನೀರಿನ ಚೀಲ ಇಡುತ್ತಾರೆ, ಅದರ ಮೇಲೆ ಕಾಯಿಸುವ ಯಂತ್ರ. ಚರ್ಮಕ್ಕೆ ಎಂಟು ಸಣ್ಣ ತಂತಿ ಅಂಟಿಸಿರುತ್ತಾರೆ. ಎಂಟು ತಂತಿ ಎಂಟು ಜಾಗದ ಬಿಸಿ ಹೇಳುತ್ತವೆ, ಅಷ್ಟೆ. ಎರಡು ತಂತಿಗಳ ನಡುವೆ ಎಲ್ಲೋ ಒಂದು ಕಡೆ ಬಿಸಿ ಮಿತಿ ಮೀರಿದರೆ ಅದು ಗೊತ್ತಾಗುವುದು ಮಲಗಿದ ಹೆಂಗಸಿಗೆ ಮಾತ್ರ. ಅದಕ್ಕೇ ಜಗತ್ತಿನಲ್ಲೆಲ್ಲ ಒಂದು ನಿಯಮ ಇದೆ: ಐದೈದು ನಿಮಿಷಕ್ಕೊಮ್ಮೆ ಕೇಳಬೇಕು, ಉರಿಯುತ್ತದೆ ಎಂದರೆ ಬಿಸಿ ಇಳಿಸಬೇಕು. ಎಲ್ಲ ದೇಶಗಳಲ್ಲೂ ಮೂವರಲ್ಲಿ ಒಬ್ಬರು ಉರಿ ಎನ್ನುತ್ತಾರೆ.

ಅನೀಲಕುಮಾರನ ಕೋಷ್ಟಕದಲ್ಲಿ ಒಬ್ಬರೂ ಅಂದಿರಲಿಲ್ಲ. ಹದಿನಾಲ್ಕು ತಿಂಗಳು, ಮೂವತ್ತೊಂದು ಹೆಂಗಸರು, ಇನ್ನೂರಕ್ಕೂ ಹೆಚ್ಚು ಸಲ ಶಾಖ. ಉರಿ ಎಂಬ ಕಾಲಮಿನಲ್ಲಿ ಉದ್ದಕ್ಕೂ ಸೊನ್ನೆ.

ಬುದ್ಧಿ ನೆಟ್ಟಗಿದ್ದ ಯಾರಾದರೂ ಈ ಸೊನ್ನೆಗಳನ್ನು ನೋಡಿ ಗಾಬರಿಯಾಗುತ್ತಿದ್ದರು. ಇವನು ಬೆನ್ನು ತಟ್ಟಿಕೊಂಡ. ಬೆನ್ನು ತಟ್ಟಿಕೊಳ್ಳುವುದಕ್ಕೂ ಒಂದು ಸಿದ್ಧಾಂತ ಬೇಕಲ್ಲ, ಅದನ್ನೂ ಹುಟ್ಟಿಸಿದ. ಈ ಹೆಂಗಸರು ನಲವತ್ನಾಲ್ಕು ಡಿಗ್ರಿ ಬಿಸಿಲಿನಲ್ಲಿ ತೊಗರಿ ಹೊಲದಲ್ಲಿ ಬಗ್ಗಿ ಕೆಲಸ ಮಾಡುವವರು, ಕಾದ ಹಂಚಿನ ಮೇಲೆ ಬರಿಗೈಯಲ್ಲಿ ಜೋಳದ ರೊಟ್ಟಿ ತಿರುವಿ ಹಾಕುವವರು; ತಲೆತಲಾಂತರದಿಂದ ಇವರ ಚರ್ಮಕ್ಕೆ ಬಿಸಿಯನ್ನು ತಾಳುವ ಗುಣ ಬಂದುಬಿಟ್ಟಿದೆ. ಹೀಗೆಂದು ಇಪ್ಪತ್ತು ಪುಟದ ಪ್ರಬಂಧ ಬರೆದ. ರೋಗಿಗಳ ಅರ್ಜಿಯಲ್ಲಿ ದಿನಕ್ಕೆ ಎಷ್ಟು ರೊಟ್ಟಿ ಬಡಿಯುತ್ತೀರಿ ಎಂಬ ಪ್ರಶ್ನೆಯನ್ನೂ ಸೇರಿಸಿ, ರೊಟ್ಟಿಯ ಸಂಖ್ಯೆಗೂ ಶಾಖ ತಾಳುವುದಕ್ಕೂ ಒಂದು ನಕ್ಷೆ ಎಳೆದ. ಸ್ವಂತ ತಾಯಿ ಅದೇ ಹಂಚಿನ ಮುಂದೆ ಕೂತು ಬೆರಳು ಸುಟ್ಟುಕೊಂಡಾಗಲೆಲ್ಲ ಅಯ್ಯೋ ಎನ್ನುತ್ತಿದ್ದದ್ದು ಅವನಿಗೆ ನೆನಪಾಗಲಿಲ್ಲ. ನೆನಪಾಗಿದ್ದರೆ ನಕ್ಷೆ ವಕ್ರವಾಗುತ್ತಿತ್ತು.

ಪ್ರಬಂಧ ಪುಣೆಯ ಸಮ್ಮೇಳನಕ್ಕೆ ಆಯ್ಕೆಯಾಯಿತು. ಟ್ರಸ್ಟಿನವರು ಅವನಿಗೆ ಶಾಲು ಹೊದಿಸಿ ಫೋಟೋ ತೆಗೆಸಿದರು. ಅದೇ ಹುರುಪಿನಲ್ಲಿ ಅವನು ಆಸ್ಪತ್ರೆಯ ಸಮಿತಿಯ ಮುಂದೆ ಹೋಗಿ, ಇಲ್ಲಿನವರು ತಾಳುತ್ತಾರೆ, ನಲವತ್ತೆರಡು ಸಾಲದು, ನಲವತ್ನಾಲ್ಕರವರೆಗೆ ಏರಿಸುತ್ತೇನೆ ಎಂದ. ಸಮಿತಿಯವರು ಕೋಷ್ಟಕದ ಸೊನ್ನೆ ನೋಡಿ ತಲೆಯಾಡಿಸಿದರು. ಹೆಂಗಸರನ್ನು ಕೇಳಿ ನೋಡೋಣ ಎಂದು ಅವರಲ್ಲೊಬ್ಬರಿಗೂ ಹೊಳೆಯಲಿಲ್ಲ. ಅವರಿಗೆ ಚಹಾ ಆರಿಹೋಗುತ್ತಿತ್ತು.

ಕೇಳುವ ಮಾತು ಬಂದಾಗ ಒಂದು ಹೇಳಲೇಬೇಕು. ಆ ಮೂವತ್ತೊಂದು ಹೆಂಗಸರಲ್ಲಿ ಒಬ್ಬರೂ ಅನೀಲಕುಮಾರನ ಮುಖ ನೋಡಿರಲಿಲ್ಲ. ಅವನು ಕೂರುತ್ತಿದ್ದದ್ದು ಕಪ್ಪು ಗಾಜಿನ ಹಿಂದೆ. ಒಳಗೆ ರೋಗಿಯ ಪಕ್ಕ ಇರುತ್ತಿದ್ದವಳು ಟೆಕ್ನಿಷಿಯನ್ ಜಸ್ಮೀನ, ಆಳಂದದ ಹುಡುಗಿ. ತಂತಿ ಅಂಟಿಸುವುದು, ಚೀಲ ಇಡುವುದು, ಬೆವರು ಒರೆಸುವುದು ಎಲ್ಲ ಅವಳದೇ. ಇವನು ಮೈಕಿನಲ್ಲಿ, ಪುಸ್ತಕದ ಕನ್ನಡದಲ್ಲಿ, ರೋಗಿ ಇಪ್ಪತ್ತೇಳು, ಉರಿಯ ಅನುಭವವಾಗುತ್ತಿದೆಯೇ ಎಂದು ಕೇಳುತ್ತಿದ್ದ. ಛಾವಣಿಯಿಂದ ಬೀಳುವ ಆ ದನಿಗೆ ಹೆಂಗಸರು ಇಲ್ರಿ ಎಂದು ಉತ್ತರ ಕೊಡುತ್ತಿದ್ದರು.

ರೋಗಿ ಇಪ್ಪತ್ತೇಳು ಎಂದರೆ ವಜೀರುನ್ನಿಸಾ. ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದವಳು, ಐವತ್ತೆರಡು ವಯಸ್ಸು, ಗಂಡ ಲಾಡ್ಲೆಸಾಬ ಒಕ್ಕಲುತನದವನು. ಅವಳ ಎದೆಯ ಮೇಲೆ ಬೋರೆಹಣ್ಣಿನಷ್ಟು ಗಾತ್ರದ ಏಳು ಗಂಟುಗಳಿದ್ದವು. ನಾಲ್ಕು ಸಲ ಶಾಖ ಆದಮೇಲೆ ಅದರಲ್ಲಿ ಎರಡು ಕರಗಿಹೋಗಿದ್ದವು, ಮೂರನೆಯದು ಮೆತ್ತಗಾಗಿತ್ತು. ಉಳಿದದ್ದು ನಾಲ್ಕು ಸಲ. ಅಷ್ಟು ಮುಗಿದರೆ ಅವಳು ಬದುಕುವ ಸಾಧ್ಯತೆ ಚೆನ್ನಾಗಿಯೇ ಇತ್ತು.

ಆ ಗುರುವಾರ ಅವಳಿಗೆ ಮೊದಲ ಸಲ ನಲವತ್ನಾಲ್ಕು. ಅರ್ಧ ತಾಸು ಆಗಿರಬೇಕು, ಜಸ್ಮೀನ ಗಾಜಿನ ಕಡೆ ತಿರುಗಿ ಹೇಳಿದಳು:

“ಸರ್, ಖಾಲಾ ಚಾದರ ಗಟ್ಟಿ ಹಿಡ್ಕೊಂಡಾರ್ರಿ. ಕಾಲ ಬೆರಳೆಲ್ಲ ಮುದುಡ್ಯಾರ್ರಿ. ಬಿಸಿ ಇಳಸಲೇನ್ರಿ?”

ರೋಗಿ ಬಾಯಿ ಬಿಟ್ಟು ಏನಾದರೂ ಹೇಳಿದಳೇ ಎಂದು ಅವನು ಕೇಳಿದ. ಇಲ್ಲ ಎಂದಳು ಜಸ್ಮೀನ.

“ಕಾಲ್ಬೆರಳು ಥರ್ಮಾಮೀಟರ್ ಅಲ್ಲ. ಮುಂದುವರಿಸಿ.”

ಎಂಟು ತಂತಿಗಳೂ ಸರಿಯಾಗಿಯೇ ತೋರಿಸುತ್ತಿದ್ದವು. ತಾಸು ಮುಗಿಸಿ ಚೀಲ ಎತ್ತಿದಾಗ ನಾಲ್ಕನೆಯ ಮತ್ತು ಐದನೆಯ ತಂತಿಯ ನಡುವೆ ಅಂಗೈಯಗಲ ಚರ್ಮ ಬೆಂದು ಬೆಳ್ಳಗಾಗಿತ್ತು. ಸೋಮವಾರದ ಹೊತ್ತಿಗೆ ಅದು ಕಪ್ಪಾಗಿ ಒಡೆಯಿತು. ದೊಡ್ಡ ಡಾಕ್ಟರು ಬಂದು ನೋಡಿದರು, ನಾಲಿಗೆ ಲೊಚಗುಟ್ಟಿದರು. ಈ ಗಾಯ ಮಾಯುವವರೆಗೆ ಈ ಎದೆಗೆ ಕಿರಣ ಕೊಡುವ ಹಾಗಿಲ್ಲ, ಮಾಯುವುದಕ್ಕೆ ಎರಡು ತಿಂಗಳಾದರೂ ಬೇಕು, ಅಷ್ಟರಲ್ಲಿ ಉಳಿದ ಗಂಟುಗಳು ಎಲ್ಲಿಗೆ ಮುಟ್ಟಿರುತ್ತವೋ ಎಂದು ಇಂಗ್ಲಿಷಿನಲ್ಲಿ ಹೇಳಿ, ಫೈಲಿನಲ್ಲಿ ಕೈಬಿಡಲಾಗಿದೆ ಎಂದು ಬರೆದರು. ಅವಳಿಗೆ ಮಾತ್ರ ಕನ್ನಡದಲ್ಲಿ, ಗಾಯ ಮಾಯಲಿ ತಾಯಿ, ಕರೆಸುತ್ತೇವೆ ಎಂದರು. ಎರಡು ಭಾಷೆ ಬಲ್ಲವರಿಗೆ ಇಂಥ ಅನುಕೂಲ ಇರುತ್ತದೆ.

ಅನೀಲಕುಮಾರನಿಗೆ ಸಿಟ್ಟು ಬಂದದ್ದು ತನ್ನ ಮೇಲಲ್ಲ. ಈ ಜನಕ್ಕೆ ದೇವರು ನಾಲಿಗೆ ಯಾಕೆ ಕೊಟ್ಟ? ಹೊಟ್ಟೆ ನೋವು ಅನ್ನುವುದಕ್ಕೂ ಪಕ್ಕದ ಮನೆಯವರನ್ನು ಕರೆತರುವ ಮಂದಿ. ಉರಿಯುತ್ತದೆ ಎಂಬ ಒಂದು ಮಾತು ಅಂದಿದ್ದರೆ ಇವಳ ಗಂಟೇನು ಹೋಗುತ್ತಿತ್ತು? ಹೀಗೆ ಎರಡು ದಿನ ಗೊಣಗಿದ. ಇಪ್ಪತ್ತು ಪುಟ ತುಂಬ ಯಾವ ತಾಳ್ಮೆಯನ್ನು ಹೊಗಳಿದ್ದನೋ ಅದನ್ನೇ ಈಗ ಕತ್ತೆತನ ಎಂದ.

ಆದರೆ ತೊಡಕು ಇನ್ನೊಂದಿತ್ತು. ಜಸ್ಮೀನ ಅವತ್ತಿನ ದಾಖಲೆ ಪುಸ್ತಕದಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದಳು: ರೋಗಿ ಚಾದರ ಹಿಡಿದದ್ದು, ತಾನು ತಿಳಿಸಿದ್ದು, ಮುಂದುವರಿಸಿ ಎಂದು ಸರ್ ಹೇಳಿದ್ದು, ಹೊತ್ತು ಸಮೇತ. ಆ ಪುಟ ತಿದ್ದಿ ಬರಿ ಎಂದು ಅವನು ಮೊದಲು ಗದರಿದ, ಆಮೇಲೆ ನಯವಾಗಿ ಕೇಳಿದ. ಬರೆದದ್ದು ಬರೆದಾಯಿತು ಎಂದು ಅವಳು ಪುಸ್ತಕವನ್ನು ಮುಚ್ಚಿ ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು. ಅವನನ್ನು ಅವಳು ನೋಡಿದ ನೋಟದಲ್ಲಿ ಸಿಟ್ಟು ಕೂಡ ಇರಲಿಲ್ಲ. ತೂತು ಬಿದ್ದ ಕೈಗವಸನ್ನು ಬುಟ್ಟಿಗೆ ಹಾಕುವ ಮೊದಲು ನೋಡುವಂತೆ ನೋಡಿ ತನ್ನ ಕೆಲಸಕ್ಕೆ ಹೋದಳು.

ಮುಂದಿನ ಮಂಗಳವಾರ ಈ ಸುಟ್ಟಗಾಯದ ಬಗ್ಗೆ ಸಮಿತಿಯ ವಿಚಾರಣೆ, ಆಮೇಲಿನ ವಾರ ಪುಣೆಯ ಸಮ್ಮೇಳನ. ಕಚೇರಿಯ ಒಬ್ಬ ಚತುರ ಉಪಾಯ ಹೇಳಿಕೊಟ್ಟ. ಉರಿಯಾದ ಸಂಗತಿಯನ್ನು ನಾನು ಯಾರಿಗೂ ತಿಳಿಸಿರುವುದಿಲ್ಲ, ಕೇಳಿದಾಗಲೂ ಇಲ್ಲ ಎಂದೇ ಹೇಳಿರುತ್ತೇನೆ ಎಂದು ರೋಗಿಯಿಂದಲೇ ಬರೆಸಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಜಸ್ಮೀನಳ ಪುಟಕ್ಕೆ ಕಿಮ್ಮತ್ತಿಲ್ಲ. ಅನೀಲಕುಮಾರ ಕೂಡಲೇ ಕಾಗದ ತಯಾರು ಮಾಡಿದ, ಮಸಿಯ ಡಬ್ಬಿ ಚೀಲದಲ್ಲಿ ಹಾಕಿಕೊಂಡ. ಕಬ್ಬಿನ ಟ್ರ್ಯಾಕ್ಟರುಗಳು ಕೆಡಿಸಿದ ರಸ್ತೆಯಲ್ಲಿ ತನ್ನ ಹೊಸ ಕಾರು ತೆಗೆದುಕೊಂಡು ಹೋಗಲು ಮನಸ್ಸು ಬರಲಿಲ್ಲ. ಗುರುವಾರ ಮಧ್ಯಾಹ್ನ ರೋಗಿಗಳನ್ನು ಬಿಡಲು ಹೊರಟ ಗಾಡಿಯನ್ನೇ ಹತ್ತಿದ.

ಗಾಡಿ ಓಡಿಸುತ್ತಿದ್ದವನು ಮೌಲಾಲಿ. ಸರ್ ಬಂದಿದ್ದಾರೆಂದು ಅವನು ಮುಂದಿನ ಸೀಟಿನ ಕಡೆ ಕೈ ತೋರಿದ. ಅಲ್ಲಿ ಆಗಲೇ ಕೂತಿದ್ದ ಗೊಬ್ಬೂರಿನ ಗುರುಶಾಂತಮ್ಮ ಅಲುಗಾಡಲಿಲ್ಲ. ಹಿಂದೆ ಜಾಗ ಇದೆ, ಅಲ್ಲಿ ಕೂಡು ಎಂದು ಸೆರಗು ಸರಿಮಾಡಿಕೊಂಡಳು. ಅರವತ್ತರ ಮೇಲಿನ ವಯಸ್ಸು, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮೂವತ್ತೆಕರೆ ಹೊಲದ ಯಜಮಾನಿತನ ದನಿಯಲ್ಲಿ. ಇವಳ ಎದೆಯ ಗಂಟುಗಳೆಲ್ಲ ಕರಗಿ ಆರು ತಿಂಗಳಾಗಿತ್ತು. ತಿಂಗಳಿಗೊಮ್ಮೆ ತೋರಿಸಿಕೊಂಡು ಹೋಗುತ್ತಿದ್ದಳು. ಆ ಕಾರಣಕ್ಕೆ ಗಾಡಿಯಲ್ಲಿ ಅವಳ ಮಾತೇ ಮಾತು. ಯಾರ ಕಡೆಯವನು ಎಂದು ಅವಳು ಕೇಳಿದಾಗ ಅನೀಲಕುಮಾರ ಆಫೀಸಿನವನು ಎಂದ. ಆಫೀಸಿನವನು ಎಂದಮೇಲೆ ಅವಳು ಅವನನ್ನು ಮರೆತೇಬಿಟ್ಟಳು.

ಅವನ ಪಕ್ಕದಲ್ಲಿ ಖಮರ ಎಂಬ ಅಫಜಲಪುರದ ಹೆಂಗಸು ಕೂತಿದ್ದಳು. ಬಟ್ಟೆ ಹೊಲಿಯುವವಳು, ಮೂವತ್ತೈದು ಇರಬಹುದು. ಮುಂದಿನ ಸೋಮವಾರ ಅವಳ ಶಾಖ ಶುರುವಾಗುವುದಿತ್ತು. ಅವತ್ತು ಎದೆಯ ಅಳತೆ ಕೊಟ್ಟು ಬಂದಿದ್ದಳು. ಗಾಡಿ ಭೀಮೆಯ ಸೇತುವೆ ದಾಟಿದ ಮೇಲೆ ಗುರುಶಾಂತಮ್ಮ ಹಿಂದಕ್ಕೆ ತಿರುಗಿ, ಶಾಲೆಯ ಪಾಠ ಒಪ್ಪಿಸುವವಳ ಹಾಗೆ ಶುರುಮಾಡಿದಳು.

“ಕೇಳ್ ಬೇ ತಂಗಿ. ಎದಿ ಮ್ಯಾಲ ನೀರಿನ ಚೀಲ ಇಡ್ತಾರ. ಮದಲ ಬೆಚ್ಚಗ ಇರ್ತದ, ಆಮ್ಯಾಲ ಉರೀತದ. ಉರೀತದಂತ ಬಾಯಿ ಬಿಟ್ಟಿ ಅಂದ್ರ ನಿಂದು ಮುಗೀತು. ಮ್ಯಾಲಿಂದ ಒಬ್ಬಾಂವ ಮಾತಾಡ್ತಾನ. ಮಾರಿ ತೋರ್ಸಂಗಿಲ್ಲ, ಅಡಗಿ ಕುಂತಿರ್ತಾನ. ಆಂವ ನಿನ್ನ ಹೆಸರು ಹೊಡದ್ ಹಾಕ್ತಾನ.”

ಹಾಗೆ ಯಾರದಾದರೂ ಹೆಸರು ಹೊಡೆದಿದ್ದಾರೆಯೇ ಎಂದು ಖಮರ ಸಣ್ಣ ದನಿಯಲ್ಲಿ ಕೇಳಿದಳು. ಗುರುಶಾಂತಮ್ಮ ಹೇಳಿದಳು. ಯಂತ್ರ ಬಂದ ಮೊದಲ ತಿಂಗಳು ಜೇವರ್ಗಿಯ ಫರಹೀನ ಎಂಬ ಹುಡುಗಿ ಇದ್ದಳು, ಅಂಗನವಾಡಿಯಲ್ಲಿ ಮಕ್ಕಳಿಗೆ ಕಲಿಸುವವಳು. ಓದಿದವಳು ನೋಡು, ಕೇಳಿದ್ದಕ್ಕೆ ಇದ್ದದ್ದು ಇದ್ದಹಾಗೆ ಹೇಳಿದಳು. ಮೊದಲ ಸಲವೂ ಉರಿ ಎಂದಳು, ಎರಡನೇ ಸಲವೂ ಉರಿ ಎಂದಳು. ಮೂರನೇ ಸಲ ಛಾವಣಿಯಿಂದ ದನಿ ಬಂತಂತೆ: ಸಹಕರಿಸದ ರೋಗಿ, ಪಟ್ಟಿಯಿಂದ ತೆಗೆಯಿರಿ. ಅಷ್ಟೆ. ಚೀಲ ಎತ್ತಿ ಹೊರಗೆ ಕಳಿಸಿದರು. ಆ ಹುಡುಗಿ ಮೂರು ಸೋಮವಾರ ಬಂದು ಬೆಂಚಿನ ಮೇಲೆ ಕೂತಳು, ಯಾರೂ ಕರೆಯಲಿಲ್ಲ. ಮೊಹರಂ ಮುಂದೆ ತೀರಿಕೊಂಡಳು.

“ಅವತ್ತಿಂದ ಈ ಗಾಡ್ಯಾಗ ಬಂದಾಕಿಗೆಲ್ಲ ನಾನೇ ಹೇಳಿ ಕಳಿಸೀನಿ. ಒಬ್ಬಾಕೀನೂ ಬಾಯಿ ಬಿಟ್ಟಿಲ್ಲ. ನಾ ಮನಸಿನ್ಯಾಗ ವಚನ ಅಂತಿದ್ದೆ, ವಜೀರುನ್ನಿಸಾ ಕಲ್ಮಾ ಅಂತಿದ್ಲು. ಸುಟ್ರೂ ಆಕಿ ಕಿಮಕ್ ಅಂದಿಲ್ಲ ನೋಡು, ಭಾಳ ಗಟ್ಟಿ ಹೆಣ್ಮಗಳು.”

ಖಮರ ತಲೆಯಾಡಿಸಿದಳು. ಅವಳ ತುಟಿ ಆಗಲೇ ಬಿಗಿದುಕೊಂಡಿತ್ತು.

ಹಿಂದಿನ ಸೀಟಿನಲ್ಲಿ ಕೂತವನಿಗೆ ಏನಾಗಿರಬೇಕೆಂದು ಓದುವವರು ಅಂದಾಜು ಮಾಡುತ್ತಿರಬಹುದು. ಎದೆ ಒಡೆಯಿತು ಎಂದುಕೊಂಡರೆ ಅದು ಅವರ ದೊಡ್ಡತನ. ಅನೀಲಕುಮಾರನಿಗೆ ಮೊದಲು ಕಣ್ಣಿಗೆ ಕಟ್ಟಿದ್ದು ಇಪ್ಪತ್ತು ಪುಟದ ಪ್ರಬಂಧ. ಬಿಸಿಲು, ಹಂಚು, ರೊಟ್ಟಿಯ ನಕ್ಷೆ, ಚರ್ಮದ ಗುಣ, ಎಲ್ಲ ಒಂದೇ ಏಟಿಗೆ ನೆಲಕಚ್ಚಿತು. ಅಲ್ಲಿ ವಿಜ್ಞಾನ ಇರಲಿಲ್ಲ. ಒಬ್ಬ ಮುದುಕಿ ಮುಂದಿನ ಸೀಟಿನಲ್ಲಿ ಕೂತು ಕೊಟ್ಟ ತಾಲೀಮು ಇತ್ತು. ಕೋಷ್ಟಕದ ಸೊನ್ನೆಗಳನ್ನು ಅವಳು ಒಂದೊಂದಾಗಿ ಗಾಡಿಯಲ್ಲಿ ತಯಾರಿಸಿ ಕಳಿಸಿದ್ದಳು, ಇವನು ಗಾಜಿನ ಹಿಂದೆ ಕೂತು ಎಣಿಸಿಕೊಂಡಿದ್ದ.

ಅದಾದ ಮೇಲೆ, ಬಹಳ ಹೊತ್ತಿನ ಮೇಲೆ, ಫರಹೀನ ನೆನಪಾದಳು. ಮುಖ ನೆನಪಾಗಲಿಲ್ಲ, ಅವಳ ಮುಖವನ್ನು ಅವನು ಸರಿಯಾಗಿ ನೋಡಿರಲೇ ಇಲ್ಲ. ರೋಗಿ ಮೂರು. ಶುರುವಿನಲ್ಲೇ ಲೆಕ್ಕ ಕೆಡಿಸುವಂಥವಳು ಬೇಡ ಎಂದು ಕೆಂಪು ಗೆರೆ ಎಳೆದದ್ದು ನೆನಪಿತ್ತು. ಅವಳೊಬ್ಬಳೇ ಕೇಳಿದ್ದಕ್ಕೆ ನಿಜ ಹೇಳಿದವಳು. ಎಲ್ಲ ತಂತಿಗಳಿಗಿಂತ ಸರಿಯಾಗಿದ್ದ ತಂತಿಯನ್ನು ಕಿತ್ತೆಸೆದು, ಉಳಿದವು ಎಷ್ಟು ಚೆನ್ನಾಗಿವೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ.

ಅವನು ಗಂಟಲು ಸರಿಮಾಡಿಕೊಂಡು, ಹಾಗಲ್ಲ, ಉರಿದರೆ ಹೇಳಲೇಬೇಕು, ಹೇಳಿದರೆ ಬಿಸಿ ಇಳಿಸುತ್ತಾರೆ, ಹೆಸರು ತೆಗೆಯುವುದಿಲ್ಲ ಎಂದ. ಗುರುಶಾಂತಮ್ಮ ಅವನನ್ನು ತಲೆಯಿಂದ ಕಾಲಿನತನಕ ಒಮ್ಮೆ ನೋಡಿದಳು.

“ನೀ ಆಫೀಸಿನಾಂವ. ಶೇಕ ತಗೊಂಡಾಕಿ ನಾನು.”

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಮೌಲಾಲಿಯೂ ಕನ್ನಡಿಯಲ್ಲಿ ನಕ್ಕ. ತಾನು ಯಾರೆಂದು ಹೇಳಿಬಿಡಬಹುದಿತ್ತು. ಅಡಗಿ ಕೂತವನು ಎಂಬ ಮಾತು ಕೇಳಿದ ಮೇಲೆ ಬಾಯಿ ಏಳಲಿಲ್ಲ. ಗೊಬ್ಬೂರಿನಲ್ಲಿ ಗುರುಶಾಂತಮ್ಮ ಇಳಿದಳು, ಇಳಿಯುವಾಗಲೂ ಖಮರಳಿಗೆ ಇನ್ನೊಮ್ಮೆ ಬೆರಳೆತ್ತಿ ಎಚ್ಚರಿಸಿದಳು. ಅಫಜಲಪುರದಲ್ಲಿ ಖಮರ ಇಳಿದಳು. ಅವಳನ್ನು ಕರೆದು ಒಂದು ಮಾತು ಹೇಳೋಣವೆಂದು ಕಿಟಕಿಗೆ ಬಗ್ಗಿದ. ಅದು ಅವನ ಹಳೆಯ ಓಣಿಯ ತಿರುವು, ಗುರುತಿನವರು ನೋಡಿಯಾರೆಂದು ಮತ್ತೆ ಹಿಂದೆ ಸರಿದ. ಇಂಥವನು.

ಕಿಣ್ಣಿ ಸುಲ್ತಾನ ಮುಟ್ಟಿದಾಗ ಇಳಿಹೊತ್ತು. ಮೌಲಾಲಿ ಮನೆ ತೋರಿಸಿ, ಗಾಡಿಯ ಗಾಲಿ ನೋಡುತ್ತ ನಿಂತ. ವಜೀರುನ್ನಿಸಾ ಪಡಸಾಲೆಯಲ್ಲಿ ಹೊರಸಿನ ಮೇಲೆ ಒರಗಿ ಕೂತಿದ್ದಳು. ಎದೆಗೆ ಪಟ್ಟಿ ಕಟ್ಟಿತ್ತು, ಸೀರೆಯ ಕೆಳಗೆ ಒಂದು ಭುಜ ಎತ್ತರವಾಗಿ ಕಾಣುತ್ತಿತ್ತು. ಆಸ್ಪತ್ರೆಯಿಂದ ಯಾರೋ ಬಂದಿದ್ದಾರೆಂದು ತಿಳಿದದ್ದೇ ತಡ ಅವಳು ಎದ್ದು ನಿಲ್ಲಲು ಹೋದಳು. ಲಾಡ್ಲೆಸಾಬ ಅವಳ ರಟ್ಟೆ ಹಿಡಿದು ಕೂರಿಸಿದ. ಅನೀಲಕುಮಾರ ಬಾಯಿ ತೆರೆಯುವ ಮೊದಲೇ ಅವಳು ಶುರುಮಾಡಿದಳು.

“ಸಾಹೇಬ್ರ, ನಾ ಒಂದ್ ಮಾತೂ ಅಂದಿಲ್ರಿ. ಜಸ್ಮೀನನ್ನ ಕೇಳ್ರಿ ಬೇಕಾದ್ರ. ಚಮಡಾ ಸುಟ್ಟಿದ್ದು ನನ್ನ ಕೈಯಾಗ ಇಲ್ರಿ, ಬಾಯಿ ನನ್ನ ಕೈಯಾಗಿತ್ತು, ನಾ ಬಿಟ್ಟಿಲ್ರಿ. ನನ್ನ ಹೆಸರು ಹೊಡೀಬ್ಯಾಡ್ರಿ.”

ಅವನು ಚೀಲದೊಳಗೆ ಕೈ ಹಾಕಿದವನು ಅಲ್ಲೇ ನಿಲ್ಲಿಸಿದ. ಅವಳಿಂದ ಹೇಗಾದರೂ ಹೊರಡಿಸಬೇಕೆಂದು ಬರೆದು ತಂದಿದ್ದ ಮಾತನ್ನು ಅವಳೇ ತನ್ನ ದೊಡ್ಡ ಪುಣ್ಯವೆಂಬಂತೆ ಮುಂದಿಡುತ್ತಿದ್ದಳು. ಎಲ್ಲಿ ಉರಿಯುತ್ತದೆ ಈಗ ಎಂದು ಕೇಳಿದ. ಎಲ್ಲೂ ಇಲ್ಲ ಎಂದಳು. ಆ ದಿನ ಎಷ್ಟು ಹೊತ್ತಿಗೆ ಉರಿ ಶುರುವಾಯಿತು ಎಂದ. ಉರಿಯೇ ಆಗಲಿಲ್ಲ ಎಂದಳು. ಪಟ್ಟಿಯ ಕೆಳಗೆ ಕೀವು ಒಸರುತ್ತಿದ್ದದ್ದು ಹೊರಗೆ ಕಾಣುತ್ತಿತ್ತು. ಅವಳ ಮುಖ ಮಾತ್ರ ನಗುತ್ತಿತ್ತು. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಅವನಿಗೆ ನಿಜ ಬೇಕಾಗಿತ್ತು, ಈಗ ಅದನ್ನು ಕೊಡುವವರು ಯಾರೂ ಇರಲಿಲ್ಲ.

ಆಗ ಅವನು ಒಂದು ಕೆಲಸ ಮಾಡಿದ. ಇದೊಂದಕ್ಕೆ ಅವನನ್ನು ಅರೆಗಳಿಗೆ ಮನುಷ್ಯ ಎನ್ನಬಹುದು. ಮೈಕಿನ ಕನ್ನಡ ಬಿಟ್ಟು, ತನಗೇ ತಿಳಿಯದೆ ಅಫಜಲಪುರದ ಮಾತಿನಲ್ಲಿ ಹೇಳಿದ:

“ಫರಹೀನ ಅಂತ ಒಬ್ಬಾಕಿ ಇದ್ಲಲ್ಲ, ಜೇವರ್ಗಿಯಾಕಿ. ಆಕಿ ಹೆಸರು ಹೊಡದಾಂವ ನಾನೇ.”

ಲಾಡ್ಲೆಸಾಬ ಕತ್ತು ಹಿಡಿದು ಹೊರಗೆ ನೂಕುತ್ತಾನೆಂದು ಅನೀಲಕುಮಾರ ಕಾದ. ನೂಕಲಿ ಎಂದೂ ಅನ್ನಿಸಿತು. ಒಂದು ಏಟು ಬಿದ್ದರೆ ಹಗುರಾಗುತ್ತಿತ್ತು. ಆದರೆ ಗಂಡ ಹೆಂಡತಿಯ ಮುಖ ನೋಡಿದ, ಹೆಂಡತಿ ಗಂಡನ ಮುಖ ನೋಡಿದಳು. ವಜೀರುನ್ನಿಸಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಸೊಸೆಯನ್ನು ಕರೆದು ಪಕ್ಕದ ಮನೆಯಿಂದ ಕುರ್ಚಿ ತರಿಸಿದಳು, ಚಹಾಕ್ಕೆ ಇಡಲು ಹೇಳಿದಳು. ಅವಳ ಕಣ್ಣಲ್ಲಿ ಮೊದಲು ಭಯ ಹಾದುಹೋಯಿತು, ಅದರ ಹಿಂದೆಯೇ ಆಸೆ ಬಂದು ನಿಂತಿತು.

“ಹಂಗಾದ್ರ ಪಟ್ಟಿ ನಿಮ್ಮ ಕೈಯಾಗ ಅದ ಅನ್ರಿ. ಛಲೋ ಆತು ನೀವೇ ಬಂದ್ರಿ. ನನ್ನ ಕೈಬಿಡಬ್ಯಾಡ್ರಿ ಸಾಹೇಬ್ರ.”

ಅವನು ತಪ್ಪೊಪ್ಪಿಕೊಂಡದ್ದು ಅವಳಿಗೆ ಅಧಿಕಾರದ ಗುರುತಾಗಿ ಕೇಳಿಸಿತ್ತು. ಕೊಲ್ಲುವ ಕೈ ಯಾರದೋ ಉಳಿಸುವ ಕೈಯೂ ಅವರದೇ ಇರಬೇಕು ಎಂದು ಅವಳು ಲೆಕ್ಕ ಹಾಕಿದ್ದಳು. ಲೆಕ್ಕದಲ್ಲೇ ಜೀವನ ಕಳೆದ ಅನೀಲಕುಮಾರ ಈ ಲೆಕ್ಕವನ್ನು ತಿದ್ದಲಿಲ್ಲ. ಕೈಬಿಡಲಾಗಿದೆ ಎಂದು ಫೈಲಿನಲ್ಲಿ ಬರೆದಾಗಿದೆ ಎನ್ನಬೇಕಿತ್ತು. ಬೇರೆ ಆಸ್ಪತ್ರೆಗೆ ಇವತ್ತೇ ಹೊರಡು, ಹೈದರಾಬಾದಿಗೆ ಹೋಗು, ಸೊಲ್ಲಾಪುರಕ್ಕೆ ಹೋಗು, ಇಲ್ಲಿ ಕಾಯಬೇಡ ಎನ್ನಬೇಕಿತ್ತು. ಎರಡೂ ನಾಲಿಗೆಯ ತುದಿಗೆ ಬಂದಿದ್ದವು. ಹೇಳಿಬಿಟ್ಟರೆ ಅವಳು ಮಂಗಳವಾರ ವಿಚಾರಣೆಯವರ ಮುಂದೆ ಬಂದು ಕೂತಾಳು.

ಅಷ್ಟರಲ್ಲಿ ಅವಳ ಕಣ್ಣು ಚೀಲದ ಬಾಯಲ್ಲಿ ಇಣುಕುತ್ತಿದ್ದ ಕಾಗದದ ಮೇಲೆ ಬಿತ್ತು. ಅದೇನು ಎಂದಳು. ನೀನು ಉರಿ ಅಂತ ಅಂದಿಲ್ಲ ಎಂದು ಬರೆದಿದೆ ಎಂದ. ಅವಳ ಮುಖ ಅರಳಿತು. ಅಂಥ ಕಾಗದ ಇರುವುದು ಒಳ್ಳೆಯದೇ ಎಂದಳು. ನಾಳೆ ಯಾರಾದರೂ ನಾನು ಕೂಗಾಡಿದೆ ಎಂದರೆ ತೋರಿಸಬಹುದು. ಮಸಿಯ ಡಬ್ಬಿಯನ್ನು ತಾನೇ ಕೇಳಿ ಇಸಿದುಕೊಂಡಳು. ಎಡಗೈ ಎತ್ತಿದಾಗ ಸುಟ್ಟ ಜಾಗ ಜಗ್ಗಿರಬೇಕು, ಕಾಲ್ಬೆರಳುಗಳು ಒಮ್ಮೆ ಮುದುಡಿದವು. ಮುಖ ಹಾಗೇ ಇತ್ತು.

“ಎಲ್ಲಿ ಒತ್ತಲ್ರಿ?”

ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಿದ್ದರೆ ಅವನನ್ನು ಯಾರೂ ತಡೆಯುತ್ತಿರಲಿಲ್ಲ.

ಅನೀಲಕುಮಾರ ಕೊನೆಯ ಸಾಲಿನ ಕೆಳಗೆ ಬೆರಳಿಟ್ಟು ತೋರಿಸಿದ. ಅವಳು ಹೆಬ್ಬೆಟ್ಟನ್ನು ಅದುಮಿ ಒತ್ತಿದಳು, ಚೆನ್ನಾಗಿ ಮೂಡಿದೆಯೇ ಎಂದು ಬಗ್ಗಿ ನೋಡಿದಳು. ಆಮೇಲೆ ಸೋಮವಾರ ಗಾಡಿ ತನಗೆ ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳಿದಳು.

“ಆರಕ್ಕ,” ಎಂದ ಅನೀಲಕುಮಾರ, ಮತ್ತು ಮಸಿ ಒಣಗುವತನಕ ಕಾದ.